ಸಂಶಯದ ಭಾರವನ್ನು ಹೊರಬೇಕಾದವರು ಯಾರು?

ಒಬ್ಬನು ಇನ್ನೊಬ್ಬನನ್ನು ದೊಣ್ಣೆಯಿಂದ ಹೊಡೆದನೆಂಬ ವ್ಯಾಜ್ಯವನ್ನು ತೀರಿಸುವುದಕ್ಕೆ ನ್ಯಾಯಾಧೀಶನಿಗೆ ವಿಶೇಷ ಪಾಂಡಿತ್ಯವೇನೂ ಬೇಕಾಗಿಲ್ಲ. ಹೊಡೆದುದನ್ನು ಕಂಡವರಿರುತ್ತಾರೆ, ದೊಣ್ಣೆ ಠಾಣೆಯಲ್ಲಿರುತ್ತದೆ, ಗಾಯದ ಆಳವನ್ನು ವೈದ್ಯನು ಬರೆದುಕೊಟ್ಟಿರುತ್ತಾನೆ. ಏಟಿಗೂ ಗಾಯಕ್ಕೂ ನಡುವಣ ಸಂಬಂಧವನ್ನು ತಿಳಿಯಲು ಕಣ್ಣಿದ್ದರೆ ಸಾಕು. ನಮ್ಮ ನಷ್ಟಪರಿಹಾರದ ನ್ಯಾಯವು ಇಂಗ್ಲೆಂಡಿನಿಂದ ಬಂದದ್ದು, ಮತ್ತು ಅದು ಹುಟ್ಟಿ ಬೆಳೆದದ್ದು ಇಂಥ ಏಟುಗಳ, ಬೇಲಿ ಮುರಿದು ನುಗ್ಗಿದ ದನಗಳ, ಕಟ್ಟೆಯೊಡೆದು ನೆರೆಯವನ ಗಣಿಗೆ ಹರಿದ ನೀರಿನ ವ್ಯಾಜ್ಯಗಳ ನಡುವೆ. ಆದರೆ ಗಾಳಿಯೊಡನೆ ಬಂದು, ನೀರಿನಲ್ಲಿ ಬೆರೆತು, ಅನ್ನದೊಡನೆ ಒಳಹೊಕ್ಕು, ವರ್ಷಗಟ್ಟಲೆ ಯಾವ ಸುಳಿವನ್ನೂ ಕೊಡದೆ ಅಡಗಿದ್ದು, ಕಟ್ಟಕಡೆಗೆ ತಾಯಿಯ ದೇಹದಲ್ಲಲ್ಲ, ಅವಳು ಹೆತ್ತ ಕೂಸಿನ ದೇಹದಲ್ಲಿ ತನ್ನ ಗುರುತನ್ನು ತೋರಿಸಬಲ್ಲ ವಿಷವೊಂದು ನ್ಯಾಯಾಲಯದ ಮೆಟ್ಟಿಲೇರಿದಾಗ, ಕಣ್ಣಾರೆ ಕಂಡ ಸಾಕ್ಷಿಯನ್ನೇ ನಂಬಿಕೊಂಡು ಬಂದ ಆ ನ್ಯಾಯಪದ್ಧತಿಯು ದಿಕ್ಕುಗಾಣದೆ ನಿಲ್ಲುವುದು ಆಶ್ಚರ್ಯವಲ್ಲ.

ಇಂಥ ವ್ಯಾಜ್ಯದಲ್ಲಿ ವಾದಿಯು ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ. ಈ ದ್ರವ್ಯವು ಮನುಷ್ಯನಲ್ಲಿ ಈ ಬಗೆಯ ರೋಗವನ್ನು ಉಂಟುಮಾಡಲು ಶಕ್ತವೇ ಎಂಬುದು ಮೊದಲನೆಯದು. ಶಕ್ತವೇ ಆದರೂ ಈ ಒಬ್ಬ ಮನುಷ್ಯನ ರೋಗಕ್ಕೆ ಅದೇ ಕಾರಣವೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ವಿಜ್ಞಾನವು ತಡವಾಗಿಯಾದರೂ, ತೊದಲುತ್ತಲಾದರೂ ಉತ್ತರ ಹೇಳೀತು. ಎರಡನೆಯದಕ್ಕೆ ಅನೇಕ ಸಂದರ್ಭಗಳಲ್ಲಿ ಉತ್ತರವೇ ಇಲ್ಲ. ಅಪಸ್ಮಾರವೂ ಬುದ್ಧಿಮಾಂದ್ಯವೂ ಅರ್ಬುದವೂ ವಿಷ ಬೀಳದ ಊರುಗಳಲ್ಲಿಯೂ ಇವೆ. ನಿನ್ನ ಮಗುವಿಗೆ ಬಂದದ್ದು ಅಲ್ಲಿಯ ಮಕ್ಕಳಿಗೆ ಬಂದಂತೆ ಸಹಜವಾಗಿ ಬಂದದ್ದಲ್ಲವೆಂಬುದಕ್ಕೆ ನಿನ್ನ ಬಳಿ ಏನಿದೆ ಪ್ರಮಾಣ ಎಂದು ಪ್ರತಿವಾದಿಯ ವಕೀಲನು ಕೇಳಿದರೆ, ಆ ತಾಯಿ ಏನನ್ನು ತೋರಿಸಬಲ್ಲಳು? ರೋಗವು ತನ್ನ ಹುಟ್ಟಿನ ಚೀಟಿಯನ್ನು ಕೊರಳಿಗೆ ಕಟ್ಟಿಕೊಂಡು ಬರುವುದಿಲ್ಲ. ಆದುದರಿಂದ ಇಂಥ ವ್ಯಾಜ್ಯಗಳಲ್ಲಿ ತೀರ್ಪು ನಿಂತಿರುವುದು ಸತ್ಯವೇನೆಂಬುದರ ಮೇಲೆ ಎಷ್ಟೋ, ಸತ್ಯವು ಪೂರ್ತಿಯಾಗಿ ತಿಳಿಯದಿರುವಾಗ ಆ ಸಂಶಯದ ಭಾರವನ್ನು ಯಾರ ಹೆಗಲಿಗೆ ಹೊರಿಸಬೇಕೆಂಬುದರ ಮೇಲೆಯೂ ಅಷ್ಟೇ. ಇದನ್ನು ನಮ್ಮ ದೇಶದ ಕಾನೂನು ಹೇಗೆ ನಿರ್ವಹಿಸಿದೆಯೆಂದು ತಿಳಿಯಬೇಕಾದರೆ ದೂರ ಹೋಗಬೇಕಾಗಿಲ್ಲ. ಕಾಸರಗೋಡಿನ ಗೇರುಗುಡ್ಡಗಳ ಚರಿತ್ರೆಯನ್ನು ನೋಡಿದರೆ ಸಾಕು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕಾಗಿದ್ದಿತು. ಆಮೇಲೆ ಕೇರಳಕ್ಕೆ ಸೇರಿತು. ಅದರ ಈಶಾನ್ಯ ಮೂಲೆಯಲ್ಲಿ, ಕರ್ನಾಟಕದ ಎಲ್ಲೆಗೆ ತಾಗಿಕೊಂಡು, ಎಣ್ಮಕಜೆಯೆಂಬ ಪಂಚಾಯತಿಯೂ ಅದರೊಳಗೆ ಪಡ್ರೆಯೆಂಬ ಗ್ರಾಮವೂ ಇವೆ. ಕನ್ನಡ, ತುಳು, ಮಲೆಯಾಳ, ಮರಾಠಿಗಳು ಒಂದೇ ಅಂಗಡಿಯ ಜಗಲಿಯಲ್ಲಿ ಕೇಳಿಬರುವ ಸೀಮೆ ಅದು. ಎತ್ತರದಲ್ಲಿ ಮುರಕಲ್ಲಿನ ಬೋಳುಗುಡ್ಡ, ತಗ್ಗಿನಲ್ಲಿ ಅಡಕೆಯ ತೋಟ, ಎರಡರ ನಡುವೆ ಮನೆ. ಕೇರಳ ಸರ್ಕಾರವು 1962ರಲ್ಲಿ ಸ್ಥಾಪಿಸಿದ ಪ್ಲಾಂಟೇಷನ್ ಕಾರ್ಪೊರೇಷನ್ನು ಈ ಗುಡ್ಡಗಳ ನೆತ್ತಿಯಲ್ಲಿ ಸಾವಿರಾರು ಹೆಕ್ಟೇರುಗಳಷ್ಟು ಗೇರನ್ನು ಬೆಳೆಸಿತು. ಗೇರು ಚಿಗುರಿ ಹೂಬಿಡುವ ಚಳಿಗಾಲದ ದಿನಗಳಲ್ಲಿ ಟೀ ಸೊಳ್ಳೆಯೆಂಬ ಕೀಟವು ಎಳೆಯ ಚಿಗುರಿನ ರಸವನ್ನು ಹೀರಿ, ಹೂಗೊಂಚಲನ್ನು ಸುಟ್ಟಂತೆ ಕರಿಕಾಗಿಸುತ್ತದೆ. ಆ ಕೀಟವನ್ನು ಕೊಲ್ಲುವುದಕ್ಕೆಂದು ಎಪ್ಪತ್ತರ ದಶಕದ ಉತ್ತರಾರ್ಧದಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸಿಂಪಡಿಸುವ ಪದ್ಧತಿ ಮೊದಲಾಯಿತು. 2000ನೆಯ ಇಸವಿಯ ಕೊನೆಯ ತನಕ, ವರ್ಷಕ್ಕೆ ಎರಡು ಮೂರು ಸಲದಂತೆ, ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಅದು ನಡೆಯಿತು.

ಎಂಡೋಸಲ್ಫಾನ್ 1950ರ ದಶಕದಲ್ಲಿ ಜರ್ಮನಿಯ ಹೋಕ್ಸ್ಟ್ ಕಂಪನಿಯ ಪ್ರಯೋಗಶಾಲೆಯಿಂದ ಹೊರಬಂದ ಕೀಟನಾಶಕ. ಡಿಡಿಟಿಯಂತೆಯೇ ಕ್ಲೋರಿನ್ನನ್ನು ಒಡಲಲ್ಲಿಟ್ಟುಕೊಂಡ ಸಂಯುಕ್ತಗಳ ಮನೆತನಕ್ಕೆ ಸೇರಿದ್ದು. ನರಮಂಡಲದಲ್ಲಿ ಉದ್ರೇಕವನ್ನು ತಡೆದು ಹದದಲ್ಲಿರಿಸುವ ವ್ಯವಸ್ಥೆಯೊಂದಿದೆ. ಈ ದ್ರವ್ಯವು ಆ ತಡೆಯನ್ನೇ ಕಿತ್ತುಹಾಕುತ್ತದೆ, ಆದ್ದರಿಂದ ಅದನ್ನು ಹೆಚ್ಚಾಗಿ ಸೇವಿಸಿದ ಜೀವಿಯು ಸೆಳವಿನಿಂದ ಒದ್ದಾಡಿ ಸಾಯುತ್ತದೆ. ಕೀಟದ ನರಕ್ಕೂ ಮನುಷ್ಯನ ನರಕ್ಕೂ ಈ ವಿಷಯದಲ್ಲಿ ಅಂಥ ಅಂತರವೇನೂ ಇಲ್ಲ. ಮೀನಿಗಂತೂ ಅದು ಅತ್ಯಲ್ಪ ಪ್ರಮಾಣದಲ್ಲಿಯೇ ಮಾರಕ. ಮಣ್ಣನ್ನು ಸೇರಿದ ಮೇಲೆ ಅದು ಎಂಡೋಸಲ್ಫಾನ್ ಸಲ್ಫೇಟ್ ಎಂಬ ಇನ್ನೊಂದು ರೂಪವನ್ನು ತಾಳುತ್ತದೆ. ವಿಷದಲ್ಲಿ ಮೂಲಕ್ಕೆ ಸಮನಾದ ಈ ರೂಪವು ಬಾಳಿಕೆಯಲ್ಲಿ ಮೂಲವನ್ನೂ ಮೀರಿಸುವಂಥದು.

ಇಷ್ಟು ಉಗ್ರವಾದ ದ್ರವ್ಯವನ್ನು ಆಕಾಶದಿಂದ ಸುರಿಯುವಾಗ ನಿಯಮಗಳಿರಲಿಲ್ಲವೇ ಎಂದರೆ, ಧಾರಾಳವಾಗಿ ಇದ್ದವು. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಗೋಧಿಹಿಟ್ಟನ್ನು ತಿಂದು ನೂರಕ್ಕೂ ಮಿಕ್ಕ ಜನ ಸತ್ತುದರ ಫಲವಾಗಿಯೇ ವಿಚಾರಣಾ ಆಯೋಗವೊಂದು ನೇಮಕವಾಗಿ, 1968ರ ಕೀಟನಾಶಕಗಳ ಅಧಿನಿಯಮವು ಜನ್ಮತಾಳಿತೆಂಬುದನ್ನು ಇಲ್ಲಿ ನೆನೆಯಬೇಕು. ಆ ಅಧಿನಿಯಮದ ಕೆಳಗೆ 1971ರಲ್ಲಿ ರಚಿತವಾದ ನಿಯಮಗಳ ಪೈಕಿ ನಲವತ್ತಮೂರನೆಯದು ವಾಯುಸಿಂಪರಣೆಯನ್ನು ಕುರಿತದ್ದು: ಸಿಂಪಡಿಸುವ ಪ್ರದೇಶವನ್ನು ಗುರುತು ಮಾಡತಕ್ಕದ್ದು, ಇಪ್ಪತ್ತನಾಲ್ಕು ಗಂಟೆಗಳಿಗೆ ಕಡಿಮೆಯಿಲ್ಲದಂತೆ ಮುಂಚಿತವಾಗಿ ಸಾರ್ವಜನಿಕರಿಗೆ ತಿಳಿಸತಕ್ಕದ್ದು, ಒಪ್ಪಿಗೆ ಪಡೆದ ಎತ್ತರದಿಂದಲೇ, ಒಪ್ಪಿಗೆ ಪಡೆದ ಸಾಂದ್ರತೆಯಲ್ಲಿಯೇ ಸಿಂಪಡಿಸತಕ್ಕದ್ದು, ಕೆಲಸಕ್ಕೆ ಸಂಬಂಧಪಡದ ಮನುಷ್ಯರೂ ಪ್ರಾಣಿಗಳೂ ಆ ಸ್ಥಳವನ್ನು ಪ್ರವೇಶಿಸದಂತೆ ನೋಡಿಕೊಳ್ಳತಕ್ಕದ್ದು. ಬಾವಿಗಳನ್ನು ಮುಚ್ಚಿಕೊಳ್ಳಿರೆಂದು ಊರವರಿಗೆ ಡಂಗುರ ಸಾರಿದ್ದೂ ಉಂಟು.

ಈ ನಿಯಮಗಳನ್ನು ಬರೆದವರ ಮನಸ್ಸಿನಲ್ಲಿದ್ದದ್ದು ಬಯಲುಸೀಮೆಯ ಚೌಕಾಕಾರದ ಹೊಲವೆಂದು ತೋರುತ್ತದೆ. ಪಡ್ರೆಯ ಗುಡ್ಡಗಳು ಅಲೆಯಲೆಯಾಗಿ ಏರಿಳಿಯುವಂಥವು; ಒಂದು ದಿಣ್ಣೆಯ ಮೇಲೆ ತಗ್ಗಿನಲ್ಲಿ ಹಾರುವ ಯಂತ್ರವು ಪಕ್ಕದ ಕಣಿವೆಗೆ ಬರುವಷ್ಟರಲ್ಲಿ ಮರಗಳ ತಲೆಯಿಂದ ಎಷ್ಟೋ ಮೇಲಿರುತ್ತದೆ, ಅದು ಬಿಟ್ಟ ಮಂಜು ಗಾಳಿ ಬೀಸಿದತ್ತ ಸರಿದು ತಗ್ಗಿನ ಮನೆಗಳ ಮೇಲೆ ಇಳಿಯುತ್ತದೆ. ಇನ್ನು ಬಾವಿ ಮುಚ್ಚುವ ಮಾತು. ಆ ಸೀಮೆಯ ಎಷ್ಟೋ ಮನೆಗಳವರು ಕುಡಿಯುವುದು ಸುರಂಗದ ನೀರನ್ನು. ಗುಡ್ಡದ ಮಗ್ಗುಲಿಗೆ ಅಡ್ಡಲಾಗಿ, ಒಬ್ಬ ಆಳು ಬಾಗಿ ನಡೆಯುವಷ್ಟು ಎತ್ತರಕ್ಕೆ, ಹತ್ತಾರು ಕೋಲು ದೂರ ಮುರಕಲ್ಲನ್ನು ಕೊರೆದುಕೊಂಡು ಹೋದರೆ ಒಳಗೆ ಒಸರು ಸಿಕ್ಕುತ್ತದೆ. ಆ ಒಸರು ತಾನಾಗಿಯೇ ಹರಿದು ಬಂದು, ಅಡಕೆಮರದ ದಂಬೆಯಿಂದ ಅಂಗಳದ ಬದಿಯ ತೊಟ್ಟಿಗೆ ಬೀಳುತ್ತದೆ. ಗುಡ್ಡದ ನೆತ್ತಿಗೆ ಬಿದ್ದ ಮಳೆಯೇ ಸೋಸಿ ಇಳಿದು ಸುರಂಗದ ನೀರಾಗತಕ್ಕದ್ದು. ತೊಟ್ಟಿಗೆ ಮಡಲನ್ನು ಹೊದಿಸಬಹುದು, ಗುಡ್ಡಕ್ಕೆ ಏನನ್ನು ಹೊದಿಸುವುದು? ಮುಚ್ಚಿಕೊಳ್ಳಿರೆಂಬ ಆಜ್ಞೆಯನ್ನು ಹೊರಡಿಸಿದ ಅಧಿಕಾರಿಯು ಒಂದು ದಿನವಾದರೂ ಆ ತೊಟ್ಟಿಯ ಬಳಿ ನಿಂತು ನೀರು ಎಲ್ಲಿಂದ ಬರುತ್ತಿದೆಯೆಂದು ಕೇಳಿದ್ದರೆ, ಇಡೀ ಏರ್ಪಾಡಿನ ಅಸಂಬದ್ಧತೆ ಅವನಿಗೆ ತಿಳಿಯುತ್ತಿತ್ತು.

ಮೊದಲು ಕಂಡದ್ದು ಕರುಗಳಲ್ಲಿ. ಕೈಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳ ವಿಚಾರವನ್ನು ಪಡ್ರೆಯವರೇ ಆದ ಕೃಷಿಪತ್ರಕರ್ತ ಶ್ರೀ ಪಡ್ರೆಯವರು ಎಂಬತ್ತರ ದಶಕದ ಆರಂಭದಲ್ಲಿಯೇ ಪತ್ರಿಕೆಗೆ ಬರೆದು, ಗೇರಿಗಿಂತ ಜೀವವೇ ಅಗ್ಗವಾಯಿತೇ ಎಂಬ ಪ್ರಶ್ನೆಯನ್ನೆತ್ತಿದರು. ಸುಮಾರು ಅದೇ ಕಾಲದಲ್ಲಿ ಪಡ್ರೆಯ ವಾಣೀನಗರದಲ್ಲಿ ವೈದ್ಯವೃತ್ತಿಯನ್ನು ಆರಂಭಿಸಿದ ಡಾಕ್ಟರ್ ವೈ. ಎಸ್. ಮೋಹನ ಕುಮಾರರು, ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಹುಟ್ಟಿನಿಂದ ಬಂದ ಅಂಗವೈಕಲ್ಯ, ಅರ್ಬುದಗಳು ಇಷ್ಟು ಸಣ್ಣ ಊರಿಗೆ ಇರತಕ್ಕದ್ದಕ್ಕಿಂತ ಹೆಚ್ಚಾಗಿವೆಯೆಂದು ಶಂಕಿಸಿದರು. ಮನೆಮನೆಯ ವೃತ್ತಾಂತವನ್ನು ಬರೆದಿಟ್ಟುಕೊಂಡು, ಕಾರಣವನ್ನು ಹುಡುಕಿರೆಂದು 1997ರಲ್ಲಿ ವೈದ್ಯಪತ್ರಿಕೆಯ ಮೂಲಕ ತಮ್ಮ ಸಹೋದ್ಯೋಗಿಗಳನ್ನು ಕೇಳಿಕೊಂಡರು. ಮೊದಮೊದಲು ಅವರ ಸಂದೇಹವಿದ್ದದ್ದು ನೀರಿನ ಮೇಲೆ, ಕೀಟನಾಶಕದ ಮೇಲಲ್ಲ. ಇದನ್ನು ಹೇಳುವುದಕ್ಕೆ ಕಾರಣವಿದೆ: ತೀರ್ಮಾನವನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು ಹೊರಟವರೆಂದು ಮುಂದೆ ಈ ಹಳ್ಳಿಗರ ಮೇಲೆ ಹೊರಿಸಲಾದ ಆರೋಪವು ಎಷ್ಟು ಹುರುಳಿಲ್ಲದ್ದೆಂಬುದು ಇದರಿಂದ ತಿಳಿಯುತ್ತದೆ.

ಕಾನೂನಿನ ಕಥೆ ಆರಂಭವಾದದ್ದು ದೆಹಲಿಯಲ್ಲಲ್ಲ, ಕಾಸರಗೋಡು ಸೀಮೆಯ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದಲ್ಲಿ. ಪೆರಿಯದಲ್ಲಿ ಗೇರುತೋಪಿನ ಪಕ್ಕ ವಾಸವಾಗಿದ್ದ ಲೀಲಾಕುಮಾರಿಯಮ್ಮನವರು ಸ್ವತಃ ಕೃಷಿ ಇಲಾಖೆಯ ನೌಕರರು. ತಮ್ಮ ಇಲಾಖೆಯು ಹೊಗಳುವ ಮದ್ದಿನ ವಿರುದ್ಧವೇ 1998ರಲ್ಲಿ ದಾವೆ ಹೂಡಿದರು. ಅವರು ಕೇಳಿದ್ದು ಹಣವನ್ನಲ್ಲ, ಪ್ರತಿಬಂಧಕಾಜ್ಞೆಯನ್ನು. ಕಾನೂನಿನಲ್ಲಿ ಈ ಎರಡಕ್ಕೂ ಇರುವ ವ್ಯತ್ಯಾಸವು ಬಹು ದೊಡ್ಡದು. ಈ ಇಡೀ ಪ್ರಕರಣದ ಕೀಲಿ ಅಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಪರಿಹಾರದ ದಾವೆ ಹಿಂದಕ್ಕೆ ನೋಡುತ್ತದೆ: ಆದ ಕೇಡು ಯಾವುದು, ಅದನ್ನು ಮಾಡಿದವರಾರು, ನಡುವಣ ಕೊಂಡಿ ಎಲ್ಲಿ ಎಂದು ಒಂದೊಂದಾಗಿ ಸಿದ್ಧಪಡಿಸಬೇಕು. ಪ್ರತಿಬಂಧಕಾಜ್ಞೆಯ ದಾವೆ ಮುಂದಕ್ಕೆ ನೋಡುತ್ತದೆ: ಕೇಡಾಗುವ ಸಂಭವವು ನ್ಯಾಯವಾದ ಭಯವೇ, ನಿಲ್ಲಿಸಿದರೆ ಒಬ್ಬನಿಗಾಗುವ ನಷ್ಟ ಹೆಚ್ಚೋ ನಿಲ್ಲಿಸದಿದ್ದರೆ ಇನ್ನೊಬ್ಬನಿಗಾಗುವ ನಷ್ಟ ಹೆಚ್ಚೋ ಎಂಬುದಷ್ಟೇ ಅಲ್ಲಿಯ ಪ್ರಶ್ನೆ. ಒಂದು ಪಕ್ಕದಲ್ಲಿ ಗೇರಿನ ಒಂದು ಬೆಳೆ, ಇನ್ನೊಂದು ಪಕ್ಕದಲ್ಲಿ ಮರಳಿ ಪಡೆಯಲಾಗದ ಆರೋಗ್ಯ; ಇವುಗಳನ್ನು ತೂಗುವುದಕ್ಕೆ ವಿಷವಿಜ್ಞಾನದ ಕೊನೆಯ ಮಾತು ಹೊರಬರುವ ತನಕ ಕಾಯಬೇಕಾಗಿಲ್ಲ. ನ್ಯಾಯಾಂಗದ ಅತ್ಯಂತ ಕೆಳಗಿನ ಮೆಟ್ಟಿಲಲ್ಲಿದ್ದ ಆ ನ್ಯಾಯಾಲಯವು ಮೊದಲು ತಾತ್ಕಾಲಿಕವಾಗಿಯೂ, 2000ನೆಯ ಅಕ್ಟೋಬರಿನಲ್ಲಿ ಅಂತಿಮವಾಗಿಯೂ ವಾಯುಸಿಂಪರಣೆಯನ್ನು ತಡೆಯಿತು.

ಮುನ್ಸೀಫರಿಗೆ ಹೊಳೆದ ಈ ಮಾತು ದೇಶದ ತಜ್ಞಸಮಿತಿಗಳಿಗೆ ಬಹುಕಾಲ ಹೊಳೆಯಲಿಲ್ಲ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ರಕ್ತ, ಎದೆಹಾಲುಗಳಲ್ಲಿ ಎಂಡೋಸಲ್ಫಾನ್ ಇದೆಯೆಂದು ಪ್ರಕಟಿಸಿತು. ಉದ್ಯಮದ ಕಡೆಯವರು ಬೇರೊಂದು ಸಂಸ್ಥೆಯಿಂದ ಪರೀಕ್ಷೆ ಮಾಡಿಸಿ ಏನೂ ಇಲ್ಲವೆಂದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಈ ವಿಷಯವನ್ನು ಎತ್ತಿಕೊಂಡ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪಡ್ರೆಗೆ ಬಂದರು. ಹತ್ತರಿಂದ ಹತ್ತೊಂಬತ್ತು ವರ್ಷದೊಳಗಿನ 117 ಮಂದಿ ಶಾಲಾಬಾಲಕರನ್ನು, ಸಿಂಪರಣೆಯಿಲ್ಲದ ಊರಿನ 90 ಬಾಲಕರೊಡನೆ ಹೋಲಿಸಿ ನೋಡಿ, ಪಡ್ರೆಯ ಹುಡುಗರಲ್ಲಿ ಪ್ರಾಯಕ್ಕೆ ಬರುವ ಲಕ್ಷಣಗಳು ತಡವಾಗಿ ಕಾಣಿಸಿಕೊಳ್ಳುತ್ತಿವೆಯೆಂದೂ ಅವರ ರಕ್ತದಲ್ಲಿ ಈ ದ್ರವ್ಯವು ಹೆಚ್ಚಾಗಿದೆಯೆಂದೂ ಕಂಡುಕೊಂಡು, 2003ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ನೋಡಿದ ಮಕ್ಕಳ ಸಂಖ್ಯೆ ಕಡಿಮೆ, ಕೆಲವರು ಪರೀಕ್ಷೆಗೆ ಒಪ್ಪಲಿಲ್ಲ, ಇವು ನಮ್ಮ ಅಧ್ಯಯನದ ಮಿತಿಗಳು ಎಂದು ಆ ವಿಜ್ಞಾನಿಗಳು ತಾವೇ ಬರೆದರು. ವಿಜ್ಞಾನದ ಶಿಷ್ಟಾಚಾರವದು, ಪ್ರಾಮಾಣಿಕನಾದ ವಿಜ್ಞಾನಿಯು ತನ್ನ ಸಂಶಯವನ್ನು ತಾನೇ ಲೋಕದ ಮುಂದಿಡುತ್ತಾನೆ. ಆದರೆ ಅದೇ ವಾಕ್ಯವು ವಕೀಲನ ಕೈಗೆ ಬಂದೊಡನೆ ಆಯುಧವಾಗುತ್ತದೆ. ಕೇಂದ್ರ ಸರ್ಕಾರವು ನೇಮಿಸಿದ ದುಬೆ ಸಮಿತಿಯು ಈ ಊರಿನ ರೋಗಗಳಿಗೂ ಎಂಡೋಸಲ್ಫಾನಿಗೂ ಸಂಬಂಧವು ಸಿದ್ಧವಾಗಿಲ್ಲವೆಂದಿತು. ಸಂಬಂಧವು ಸಿದ್ಧವಾಗಿಲ್ಲವೆಂಬ ಮಾತು ಒಂದು ಕಡತದಿಂದ ಇನ್ನೊಂದು ಕಡತಕ್ಕೆ ಹೋಗುವಷ್ಟರಲ್ಲಿ ಸಂಬಂಧವೇ ಇಲ್ಲವೆಂಬ ಮಾತಾಗಿ ಮಾರ್ಪಡುವುದನ್ನು ಸರ್ಕಾರೀ ಬರವಣಿಗೆಯನ್ನು ಓದಬಲ್ಲವರೆಲ್ಲರೂ ಕಂಡಿದ್ದಾರೆ.

ಈ ಪ್ರಕರಣದಲ್ಲಿ ಸಾಕ್ಷ್ಯವು ಸರ್ವಸಮ್ಮತವಾದದ್ದೆಂದು ನಾವು ಹೇಳುವುದಿಲ್ಲ. ಅಲ್ಲಿಯ ಒಂದೊಂದು ರೋಗಕ್ಕೂ ಎಂಡೋಸಲ್ಫಾನೇ ಕಾರಣವೆಂಬ ಮಾತನ್ನು ಒಪ್ಪದ ವಿಜ್ಞಾನಿಗಳು ಇಂದಿಗೂ ಇದ್ದಾರೆ; ಅವರಲ್ಲಿ ಎಲ್ಲರನ್ನೂ ಕಂಪನಿಗಳ ಕೈಗೊಂಬೆಗಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಇಪ್ಪತ್ತು ವರ್ಷ ಸಿಂಪಡಿಸುತ್ತಿದ್ದಾಗ ಯಾರೂ ಯಾರ ರಕ್ತವನ್ನೂ ಅಳೆದಿರಲಿಲ್ಲ. ನಿಂತ ಮೇಲೆ ಅಳೆದರೆ ಹಿಂದಿನದನ್ನು ಊಹಿಸಬಹುದೇ ಹೊರತು ಕಾಣಲಾಗದು. ಆದರೆ ಅಳೆಯದೆ ಬಿಟ್ಟವರು ಯಾರು? ಸಿಂಪರಣೆಯ ಯಂತ್ರವೂ ಲೆಕ್ಕದ ಪುಸ್ತಕವೂ ಅಧಿಕಾರವೂ ಯಾರ ಕೈಯಲ್ಲಿದ್ದವೋ ಅವರೇ. ತಾನು ಇಡದೇ ಹೋದ ಲೆಕ್ಕದ ಲಾಭವನ್ನು ತಾನೇ ಪಡೆಯುವುದನ್ನು ಯಾವ ಧರ್ಮಶಾಸ್ತ್ರ ಒಪ್ಪುತ್ತದೆ?

ನಮ್ಮ ಸರ್ವೋಚ್ಚ ನ್ಯಾಯಾಲಯವು ಇದನ್ನು ಒಪ್ಪಿಲ್ಲವೆಂಬುದನ್ನು ಹೇಳಲೇಬೇಕು. 1985ರ ಡಿಸೆಂಬರಿನಲ್ಲಿ, ಭೋಪಾಲದ ಅನಿಲ ದುರಂತವು ನಡೆದು ಸರಿಯಾಗಿ ಒಂದು ವರ್ಷವಾಗಿದ್ದಾಗ, ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲವು ಸೋರಿತು. ಆ ಪ್ರಕರಣದಲ್ಲಿ 1986ರ ಡಿಸೆಂಬರ್ 20ರಂದು ಮುಖ್ಯ ನ್ಯಾಯಮೂರ್ತಿ ಭಗವತಿಯವರ ಪೀಠವು, ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ರೈಲ್ಯಾಂಡ್ಸನಿಗೂ ಫ್ಲೆಚರನಿಗೂ ನಡೆದ ವ್ಯಾಜ್ಯದಿಂದ ಬಂದ, ಅಪಾಯದ ವಸ್ತುವನ್ನು ತನ್ನ ನೆಲದಲ್ಲಿ ತಂದಿಟ್ಟುಕೊಂಡವನು ಅದು ಹೊರಹೋಗಿ ಮಾಡಿದ ಕೇಡಿಗೆ ಹೊಣೆಯೆಂಬ ಸೂತ್ರವನ್ನು ಅದರ ವಿನಾಯಿತಿಗಳ ಸಮೇತ ಬದಿಗಿರಿಸಿ, ಅಪಾಯಕರವಾದ ಉದ್ಯಮವನ್ನು ನಡೆಸಿ ಲಾಭ ಪಡೆಯುವವನು ಅದರಿಂದಾಗುವ ಹಾನಿಗೆ ಸಂಪೂರ್ಣವಾಗಿ ಹೊಣೆಯೆಂದು ಸಾರಿತು. ನಾನು ಎಚ್ಚರ ತಪ್ಪಿರಲಿಲ್ಲವೆಂಬ ಸಮಾಧಾನಕ್ಕೆ ಇನ್ನು ಎಡೆಯಿಲ್ಲ. 1996ರಲ್ಲಿ ರಾಜಸ್ಥಾನದ ಬಿಚ್ಛ್ರಿ ಗ್ರಾಮದ ಬಾವಿಗಳನ್ನು ಕೆಡಿಸಿದ ರಾಸಾಯನಿಕ ಕಾರ್ಖಾನೆಗಳ ಮೊಕದ್ದಮೆಯಲ್ಲಿ, ಕೆಡಿಸಿದವನೇ ಸರಿಪಡಿಸುವ ವೆಚ್ಚವನ್ನು ತೆರಬೇಕೆಂಬ ತತ್ತ್ವವು ಸ್ಥಿರವಾಯಿತು. ಅದೇ ವರ್ಷ, ತಮಿಳುನಾಡಿನ ಚರ್ಮ ಹದಮಾಡುವ ಕಾರ್ಖಾನೆಗಳನ್ನು ಕುರಿತ ವೆಲ್ಲೂರಿನ ಮೊಕದ್ದಮೆಯಲ್ಲಿ, ಮುನ್ನೆಚ್ಚರಿಕೆಯ ತತ್ತ್ವವು ನಮ್ಮ ದೇಶದ ಕಾನೂನಿನ ಭಾಗವೆಂದೂ, ತನ್ನ ಕೆಲಸವು ಪರಿಸರಕ್ಕೆ ನಿರಪಾಯವೆಂದು ಸಿದ್ಧಪಡಿಸುವ ಭಾರವು ಆ ಕೆಲಸವನ್ನು ಮಾಡುವವನ ಮೇಲೆಯೇ ಇದೆಯೆಂದೂ ನ್ಯಾಯಾಲಯವು ನಿರ್ಣಯಿಸಿತು.

ಹಾಗಿದ್ದರೆ ಪಡ್ರೆಯವರಿಗೆ ತೊಡಕೇನಿತ್ತು? ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಂಪೂರ್ಣ ಹೊಣೆಯ ಸೂತ್ರವು ತಪ್ಪನ್ನು ಸಿದ್ಧಪಡಿಸುವ ಹೊರೆಯನ್ನು ಇಳಿಸಿತೇ ಹೊರತು ಕಾರಣವನ್ನು ಸಿದ್ಧಪಡಿಸುವ ಹೊರೆಯನ್ನು ಇಳಿಸಲಿಲ್ಲ. ಅನಿಲ ಸೋರಿದ ರಾತ್ರಿಯೇ ಕೆಮ್ಮಿ ಬಿದ್ದವನಿಗೆ ಈ ವ್ಯತ್ಯಾಸದಿಂದ ಬಾಧಕವಿಲ್ಲ. ಹದಿನೈದು ವರ್ಷ ಸುರಂಗದ ನೀರು ಕುಡಿದವನಿಗೆ ಇರುವುದು ಇದೊಂದೇ ಬಾಧಕ. ಈ ಗಂಟನ್ನು ಬಿಡಿಸಲು ಜಪಾನಿನ ನ್ಯಾಯಾಧೀಶರು ತೋರಿಸಿದ ಧೈರ್ಯವನ್ನು ಇಲ್ಲಿ ನೆನೆಯುವುದು ಉಚಿತ. ಅಗಾನೋ ನದಿಯ ಮೀನನ್ನು ತಿಂದು ಪಾದರಸದ ವಿಷವೇರಿದ ನೀಗಾತ ಪ್ರಾಂತದ ಬೆಸ್ತರು ಶೋವಾ ದೆಂಕೋ ಕಂಪನಿಯ ಮೇಲೆ ಹೂಡಿದ್ದ ವ್ಯಾಜ್ಯದಲ್ಲಿ 1971ರ ಸೆಪ್ಟೆಂಬರಿನಲ್ಲಿ ತೀರ್ಪು ಬಂದಿತು. ರೋಗದ ಸ್ವರೂಪವನ್ನೂ ವಿಷವು ನಡೆದುಬಂದ ದಾರಿಯನ್ನೂ ವಾದಿಗಳು ಕಾರ್ಖಾನೆಯ ಬಾಗಿಲಿನವರೆಗೆ ತೋರಿಸಿದರೆ ಸಾಕು. ಬಾಗಿಲಿನ ಒಳಗೆ ನಡೆದದ್ದನ್ನು ಬಲ್ಲವನು ಒಡೆಯನೇ ಆದ್ದರಿಂದ, ಆ ವಿಷವು ತನ್ನದಲ್ಲವೆಂದು ಅವನೇ ಸಿದ್ಧಪಡಿಸಬೇಕು, ಪಡಿಸದಿದ್ದರೆ ಅವನೇ ಹೊಣೆ. ಅದೇ ವರ್ಷ ತೊಯಾಮದ ನ್ಯಾಯಾಲಯವು ಗಣಿಯೊಂದರ ಕ್ಯಾಡ್ಮಿಯಂ ವಿಷದ ಮೊಕದ್ದಮೆಯಲ್ಲಿ, ಒಬ್ಬೊಬ್ಬ ರೋಗಿಯ ದೇಹದೊಳಗಣ ಪ್ರಕ್ರಿಯೆಯನ್ನು ಕೊನೆಯ ಅಣುವಿನ ತನಕ ವಿವರಿಸಬೇಕಾಗಿಲ್ಲ, ಜನಸಮುದಾಯದ ಮೇಲೆ ನಡೆಸಿದ ಅಧ್ಯಯನದಿಂದ ಸಿದ್ಧವಾದ ಸಂಬಂಧವೇ ಸಾಕೆಂದಿತು. ನಮ್ಮಲ್ಲಿಯೂ ವೆಲ್ಲೂರಿನ ತೀರ್ಪನ್ನು ಹಿಡಿದು ಈ ದಾರಿಯಲ್ಲಿ ನಡೆಯಬಹುದಾಗಿತ್ತು. ನಡೆಯಲಿಲ್ಲ, ಬೇರೊಂದು ದಾರಿ ಹಿಡಿಯಿತು.

ಆ ದಾರಿಯೇ, ಮೂಲಭೂತ ಹಕ್ಕುಗಳ ರಕ್ಷಣೆಗಾಗಿ ನೇರವಾಗಿ ಸಲ್ಲಿಸುವ ರಿಟ್ ಅರ್ಜಿಯದು. 2010ರ ಅಕ್ಟೋಬರಿನಲ್ಲಿ ಬಹುಕಾಲ ಅಳಿಯದ ವಿಷಗಳನ್ನು ಕುರಿತ ಸ್ಟಾಕ್‌ಹೋಮ್ ಒಪ್ಪಂದದ ಕೆಳಗೆ ಜಿನೀವಾದಲ್ಲಿ ಸೇರಿದ ವಿಜ್ಞಾನಿಗಳ ಸಭೆಯು ಎಂಡೋಸಲ್ಫಾನನ್ನು ಲೋಕದಿಂದಲೇ ತೊಲಗಿಸಬೇಕೆಂದು ಶಿಫಾರಸು ಮಾಡಿದಾಗ ವಿರೋಧಿಸಿದ್ದು ಭಾರತ. ಆ ದ್ರವ್ಯದ ಅತಿ ದೊಡ್ಡ ಉತ್ಪಾದಕ ದೇಶವೂ ಆಗ ನಮ್ಮದೇ ಆಗಿದ್ದಿತು. ಆ ವರ್ಷದ ಕಟ್ಟಕಡೆಯ ದಿನ ಮಾನವ ಹಕ್ಕುಗಳ ಆಯೋಗವು, ಸತ್ತವರಿಗೂ ಹಾಸಿಗೆ ಹಿಡಿದವರಿಗೂ 5 ಲಕ್ಷ ರೂಪಾಯಿ, ಇತರ ವೈಕಲ್ಯವುಳ್ಳವರಿಗೆ 3 ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿತು. 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಎಂಡೋಸಲ್ಫಾನನ್ನು ನಿಷೇಧಿಸಿತು, ಆದರೆ ಅರುವತ್ತು ದಿನಗಳ ಮಟ್ಟಿಗೆ. ಏಕೆಂದರೆ 1968ರ ಅಧಿನಿಯಮದ ಇಪ್ಪತ್ತೇಳನೆಯ ಕಲಮು ರಾಜ್ಯಕ್ಕೆ ಕೊಡುವ ಅಧಿಕಾರ ತಾತ್ಕಾಲಿಕವಾದದ್ದಷ್ಟೇ, ಶಾಶ್ವತವಾದ ನಿಷೇಧವೇನಿದ್ದರೂ ಕೇಂದ್ರದ ಕೈಯಲ್ಲಿದೆ. ಏಪ್ರಿಲಿನ ಕೊನೆಗೆ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಕೆಲವು ಬೆಳೆಗಳ ವಿನಾಯಿತಿಯೊಡನೆ ಎಂಡೋಸಲ್ಫಾನನ್ನು ತ್ಯಾಜ್ಯಪಟ್ಟಿಗೆ ಸೇರಿಸಿದವು, ಭಾರತವೂ ಒಪ್ಪಿತು. ಮೇ 13ರಂದು, ಯುವಜನ ಸಂಘಟನೆಯೊಂದರ ಅರ್ಜಿಯ ಮೇಲೆ, ಸರ್ವೋಚ್ಚ ನ್ಯಾಯಾಲಯವು ಜೀವದ ಹಕ್ಕನ್ನು ಕುರಿತ ಸಂವಿಧಾನದ ಇಪ್ಪತ್ತೊಂದನೆಯ ಅನುಚ್ಛೇದವನ್ನೂ ಮುನ್ನೆಚ್ಚರಿಕೆಯ ತತ್ತ್ವವನ್ನೂ ಉಲ್ಲೇಖಿಸಿ ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ನಿಲ್ಲಿಸಿತು. ಹೊಸದುರ್ಗದ ಮುನ್ಸೀಫರು ತಮ್ಮ ಎಲ್ಲೆಯೊಳಗೆ ಮಾಡಿದ್ದನ್ನೇ ಹನ್ನೊಂದು ವರ್ಷದ ಮೇಲೆ ದೇಶಕ್ಕೆಲ್ಲ ಮಾಡಿದಂತಾಯಿತು. (ಕೆಲವು ತಿಂಗಳ ತರುವಾಯ, ಉಳಿದ ದಾಸ್ತಾನನ್ನು ಹೊರದೇಶಗಳಿಗೆ ಕಳುಹಿಸಲು ಅದೇ ನ್ಯಾಯಾಲಯದ ಅಪ್ಪಣೆಯಾಯಿತು. ನಮ್ಮ ಮಕ್ಕಳಿಗೆ ಆಗದ್ದು ಪರದೇಶದ ಮಕ್ಕಳಿಗೆ ಹೇಗಾದೀತೆಂಬುದನ್ನು ಓದುಗರೇ ಯೋಚಿಸಲಿ.)

ಇದಾದ ಮೇಲೆ, 2017ರ ಜನವರಿ 10ರಂದು, ಐದು ಸಾವಿರಕ್ಕೂ ಮಿಕ್ಕ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯದಿಂದ ಕೇರಳ ಸರ್ಕಾರಕ್ಕೆ ಆಜ್ಞೆಯಾಯಿತು. ಆ ಹಣವನ್ನು ಕಂಪನಿಗಳಿಂದಲೋ ಕೇಂದ್ರದಿಂದಲೋ ವಸೂಲು ಮಾಡಿಕೊಳ್ಳುವ ಸ್ವಾತಂತ್ರ್ಯವೂ ಆ ಸರ್ಕಾರಕ್ಕೆ ಉಳಿಯಿತು. ಮೂರು ತಿಂಗಳು ಐದು ವರ್ಷವಾಯಿತು. 2022ರ ಮೇ ತಿಂಗಳಲ್ಲಿ ನ್ಯಾಯಾಂಗನಿಂದನೆಯ ಅರ್ಜಿ ವಿಚಾರಣೆಗೆ ಬಂದಾಗ ತಿಳಿದದ್ದು ಇದು: ಆಗ ಹಣ ಸಿಗಬೇಕಾಗಿದ್ದವರೆಂದು ಲೆಕ್ಕಕ್ಕೆ ಬಂದವರು 3,704 ಮಂದಿ, ಹಣ ಪಡೆದವರು ಎಂಟು ಮಂದಿ, ಆ ಎಂಟು ಮಂದಿಯಾದರೂ ದೆಹಲಿಯವರೆಗೆ ಹೋಗಿ ಅರ್ಜಿ ಹಾಕಿಕೊಂಡವರು. ನ್ಯಾಯಪೀಠವು ಸರ್ಕಾರವನ್ನು ಕಟುವಾಗಿಯೇ ಖಂಡಿಸಿತು. ಆಮೇಲೆ ಹಣ ಬರತೊಡಗಿತು.

ಈ ಆಜ್ಞೆಗಳಿಂದ ಬಡವರ ಮನೆಗೆ ಹಣ ಸೇರಿತೆಂಬುದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಸಾಮಾನ್ಯ ದಾವೆಯ ದಾರಿ ಹಿಡಿದಿದ್ದರೆ ಸಾಕ್ಷಿ, ಪಾಟೀಸವಾಲು, ಮೇಲ್ಮನವಿಗಳಲ್ಲಿ ಒಂದು ತಲೆಮಾರು ಕಳೆದುಹೋಗುತ್ತಿತ್ತು. ಆದರೆ ದಯೆಯ ಈ ಮಾರ್ಗದಲ್ಲಿ ಕಾರಣದ ಪ್ರಶ್ನೆಯನ್ನು ಬಿಡಿಸಲಾಗಲಿಲ್ಲ, ಬದಿಗೆ ಸರಿಸಲಾಯಿತು. ಯಾರು ಯಾರಿಗೆ ವಿಷವಿಟ್ಟರೆಂಬ ತೀರ್ಪು ಯಾವ ನ್ಯಾಯಾಲಯದ ದಫ್ತರದಲ್ಲಿಯೂ ಇಲ್ಲ. ಇರುವುದು ಸಂತ್ರಸ್ತರ ಪಟ್ಟಿ ಮಾತ್ರ. ತೀರ್ಪಿನ ಸ್ಥಾನದಲ್ಲಿ ಪಟ್ಟಿ ಬಂದು ಕುಳಿತಾಗ, ಬೇಲಿಯ ಯಾವ ಕಡೆ ಮನೆಯಿದೆ, ಶಿಬಿರದ ದಿನ ವೈದ್ಯರ ಮುಂದೆ ಹಾಜರಾದಿರೋ ಇಲ್ಲವೋ, ಹುಟ್ಟಿದ ತಾರೀಖು ಯಾವುದು ಎಂಬಿವೇ ನ್ಯಾಯದ ಪ್ರಶ್ನೆಗಳಾಗುತ್ತವೆ. ಪಟ್ಟಿಯಿಂದ ಹೆಸರು ಬಿಟ್ಟುಹೋದ ಮಕ್ಕಳ ತಾಯಂದಿರು ಕಾಸರಗೋಡಿನಲ್ಲಿಯೂ ತಿರುವನಂತಪುರದಲ್ಲಿಯೂ ಧರಣಿ ಕೂರಬೇಕಾಗಿ ಬಂದದ್ದು ಇದೇ ಕಾರಣದಿಂದ.

ರಾಜ್ಯದ ಎಲ್ಲೆಯನ್ನು ದಾಟಿ ಈಚೆಗೆ ಬಂದರೆ ವಿಚಿತ್ರವು ಇನ್ನೂ ಸ್ಪಷ್ಟವಾಗುತ್ತದೆ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿಯೂ ಗೇರುತೋಪುಗಳಿವೆ; ಅವು ಕರ್ನಾಟಕದ ಗೇರು ಅಭಿವೃದ್ಧಿ ನಿಗಮದವು; ಅಲ್ಲಿಯೂ ಅದೇ ಮದ್ದನ್ನು ಆಕಾಶದಿಂದ ಸುರಿದರು, ಅಲ್ಲಿಯೂ ಹಾಸಿಗೆಯಿಂದ ಏಳಲಾರದ ಮಕ್ಕಳಿದ್ದಾರೆ. ಉಚ್ಚ ನ್ಯಾಯಾಲಯದ ಮಧ್ಯಪ್ರವೇಶದಿಂದ ಅವರಿಗೆ ದೊರೆತದ್ದು ಅಂಗವೈಕಲ್ಯದ ಶೇಕಡಾವಾರನ್ನು ನೋಡಿ ನಿಗದಿಮಾಡಿದ ಮಾಸಾಶನ, ಮತ್ತು ಕೊಕ್ಕಡ, ಕೊಯಿಲಗಳಲ್ಲಿ ಮಕ್ಕಳನ್ನು ಹಗಲು ನೋಡಿಕೊಳ್ಳುವ ಪಾಲನಾ ಕೇಂದ್ರಗಳು. ಇಂಥ ಪಾಲನಾ ಕೇಂದ್ರವು ಒಂದು ದೊಡ್ಡ ಉಪಕಾರವೆಂಬುದನ್ನು ಅಂಥ ಮಗುವನ್ನು ಸಾಕಿದ ತಾಯಿ ಮಾತ್ರ ಬಲ್ಲಳು. ಅಷ್ಟು ಹೊತ್ತಾದರೂ ಅವಳು ಕೂಲಿಗೆ ಹೋಗಬಹುದು. ಆದರೂ ಒಂದೇ ದ್ರವ್ಯ, ಒಂದೇ ಬಗೆಯ ಸಿಂಪರಣೆ, ಒಂದೇ ಸಂವಿಧಾನದ ಒಂದೇ ಅನುಚ್ಛೇದ; ಎಲ್ಲೆಯ ಆ ಕಡೆ ಒಮ್ಮೆಗೇ 5 ಲಕ್ಷ, ಈ ಕಡೆ ತಿಂಗಳಿಗಿಷ್ಟೆಂಬ ಪಿಂಚಣಿ. ನ್ಯಾಯನಿರ್ಣಯವಾಗಿದ್ದರೆ ಅದು ಎಲ್ಲರಿಗೂ ಒಂದೇ ಆಗುತ್ತಿತ್ತು. ಅನುಗ್ರಹವಾದದ್ದರಿಂದ ಕೊಡುವ ಕೈಯನ್ನು ಅನುಸರಿಸಿತು.

ಕಂಪನಿಗಳು ಕಟಕಟೆಗೆ ಬಾರದೆ ಉಳಿದದ್ದಕ್ಕೆ ಇನ್ನೊಂದು ಕಾರಣವೂ ಉಂಟು. ಎಂಡೋಸಲ್ಫಾನಿನ ತಯಾರಕರಲ್ಲಿ ಖಾಸಗಿಯವರ ಜತೆಗೆ ಕೇಂದ್ರ ಸರ್ಕಾರದ್ದೇ ಆದ ಹಿಂದುಸ್ತಾನ್ ಇನ್‌ಸೆಕ್ಟಿಸೈಡ್ಸ್ ಸಂಸ್ಥೆಯೂ ಇದ್ದಿತು. ನೋಂದಣಿ ಮಾಡಿ ಪರವಾನೆ ಕೊಟ್ಟದ್ದು ಕೇಂದ್ರದ ಸಮಿತಿ. ಸಿಂಪಡಿಸಿದ್ದು ರಾಜ್ಯಗಳ ನಿಗಮಗಳು. ಅಪಾಯವಿಲ್ಲವೆಂದದ್ದು ಸರ್ಕಾರದ ತಜ್ಞರು. ಪರಿಹಾರ ಕೊಡುತ್ತಿರುವುದೂ ಸರ್ಕಾರವೇ, ಎಂದರೆ ತೆರಿಗೆ ತೆರುವ ಪ್ರಜೆ, ಎಂದರೆ ಒಂದು ಅರ್ಥದಲ್ಲಿ ಪಡ್ರೆಯವನೂ ಕೊಕ್ಕಡದವನೂ. ಉದ್ಯಮಿಯೂ ಪ್ರಭುವೂ ಬೇರೆ ಬೇರೆಯಾಗಿದ್ದಾಗ ಪ್ರಭುವು ಉದ್ಯಮಿಯನ್ನು ಹಿಡಿದು ದಂಡಿಸುವನೆಂಬ ನಂಬಿಕೆಯಿಂದ ಕಟ್ಟಿದ ಸಂಪೂರ್ಣ ಹೊಣೆಯ ಸೂತ್ರವು, ಇಬ್ಬರೂ ಒಂದೇ ಆದಾಗ ಏನು ಮಾಡಬೇಕೆಂಬುದನ್ನು ಹೇಳುವುದಿಲ್ಲ.

2010ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಅಧಿನಿಯಮವು ಬಂದಾಗ ಇಂಥ ವ್ಯಾಜ್ಯಗಳಿಗೆಂದೇ ಒಂದು ಪೀಠ ದೊರೆತಂತಾಯಿತು. ತಪ್ಪನ್ನು ಸಿದ್ಧಪಡಿಸದೆಯೇ ಪರಿಹಾರ ಕೇಳಬಹುದು. ಮುನ್ನೆಚ್ಚರಿಕೆಯ ತತ್ತ್ವವನ್ನು ಪಾಲಿಸತಕ್ಕದ್ದೆಂದು ಕಾನೂನಿನಲ್ಲಿಯೇ ಬರೆದಿದೆ. ಆದರೆ ಪರಿಹಾರದ ಅರ್ಜಿಗೆ ಐದು ವರ್ಷಗಳ ಅವಧಿಯಿದೆ, ಅದೂ ವ್ಯಾಜ್ಯಕಾರಣವು ಮೊದಲು ಹುಟ್ಟಿದ ದಿನದಿಂದ. ಇಪ್ಪತ್ತು ವರ್ಷ ಮೌನವಾಗಿರುವ ವಿಷಕ್ಕೆ ಐದು ವರ್ಷದ ಗಡುವು! ಅದೂ ಸಾಲದೆಂಬಂತೆ, ಆ ನ್ಯಾಯಮಂಡಳಿಯ ಅಧಿಕಾರಕ್ಕೆ ಒಳಪಟ್ಟ ಏಳು ಕಾನೂನುಗಳ ಅನುಸೂಚಿಯಲ್ಲಿ ಜಲ, ವಾಯು, ಅರಣ್ಯ, ಜೀವವೈವಿಧ್ಯಗಳ ಅಧಿನಿಯಮಗಳಿವೆ, ಕೀಟನಾಶಕಗಳ ಅಧಿನಿಯಮವಿಲ್ಲ.

ಹೀಗಿದ್ದರೂ ಕಾಸರಗೋಡಿನ ವಿಷವು ಕೊನೆಗೆ ಈ ನ್ಯಾಯಮಂಡಳಿಯ ಮುಂದೆ ಬಂದಿತು, ಇನ್ನೊಂದು ಬಾಗಿಲಿನಿಂದ. ಸಿಂಪರಣೆ ನಿಂತಾಗ ಉಳಿದ ಮದ್ದು ಕೇರಳದ ಪ್ಲಾಂಟೇಷನ್ ನಿಗಮದ ಉಗ್ರಾಣಗಳಲ್ಲಿ ವರ್ಷಾನುಗಟ್ಟಲೆ ಬ್ಯಾರಲುಗಳಲ್ಲಿ ಕುಳಿತಿತ್ತು. ಅದರಲ್ಲಿ ಸ್ವಲ್ಪವನ್ನು ಕರ್ನಾಟಕದ ಎಲ್ಲೆಗೆ ತಾಗಿದ ಮಿಂಚಿನಪದವಿನ ಪಾಳುಬಾವಿಗೆ ಹಾಕಿ ಮುಚ್ಚಿದರೆಂಬ ದೂರು ಉಡುಪಿಯ ಕಡೆಯಿಂದ ಹೋಯಿತು. 2023ರ ಕೊನೆಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಸ್ಥಳಕ್ಕೆ ಬಂದು ನೋಡಿದರು. ಆಕಾಶದಿಂದ ಇಳಿದಾಗ ಅದು ಕೀಟನಾಶಕ; ಬಾವಿಯಲ್ಲಿ ಹೂತಾಗ ಅಂತರ್ಜಲವನ್ನು ಕೆಡಿಸುವ ಅಪಾಯಕರ ತ್ಯಾಜ್ಯ, ಆದುದರಿಂದ ಜಲ ಅಧಿನಿಯಮಕ್ಕೂ ಪರಿಸರ ಸಂರಕ್ಷಣಾ ಅಧಿನಿಯಮಕ್ಕೂ ಒಳಪಟ್ಟದ್ದು. ಇಲ್ಲಿ ಪ್ರತಿಬಂಧಕವೂ ಮುನ್ನೆಚ್ಚರಿಕೆಯೂ ಇನ್ನೂ ಸಾಧ್ಯ. ಬಾವಿಯಲ್ಲಿ ಏನಿದೆ, ಎಷ್ಟಿದೆ, ಎಲ್ಲಿಯ ತನಕ ಹರಿದಿದೆಯೆಂಬುದನ್ನು ಸುತ್ತಣ ಮನೆಗಳವರು ತೋರಿಸಬೇಕೋ, ಹಾಕಿತೆನ್ನಲಾದ ನಿಗಮವು ತೋರಿಸಬೇಕೋ ಎಂಬ ಹಳೆಯ ಪ್ರಶ್ನೆಯು ಅಲ್ಲಿಯೂ ಉದ್ಭವಿಸಲೇಬೇಕು. ಈ ಸಲವಾದರೂ ನಿಗಮವೇ ತನ್ನ ಲೆಕ್ಕದ ಪುಸ್ತಕವನ್ನು ತಂದು ತೆರೆಯಲೆಂದು ಮೊದಲ ದಿನವೇ ಆಜ್ಞೆಮಾಡುವುದಕ್ಕೆ ಬೇಕಾದ ಕಾನೂನು, ವೆಲ್ಲೂರಿನ ತೀರ್ಪು ಬಂದ 1996ರಿಂದ ನಮ್ಮಲ್ಲಿ ಇದೆ.